ಆಸ್ಪತ್ರೆಯ ಮೇಲ್ಖರ್ಚಿಗೊಂದು ಪೂರಕ ವಿಮೆ

ಮಿಲ್ಲು, ಕಾರ್ಖಾನೆಗಳಲ್ಲಿ ದುಡಿದವರ ಮನೆಗಳಿರುವ ಶ್ರೀರಾಂಪುರದಲ್ಲಿ ಇ.ಎಸ್.ಐ. ಎಂಬ ಮೂರಕ್ಷರ ಯಾರಿಗೂ ಹೊಸದಲ್ಲ. ಅದರ ದೊಡ್ಡಾಸ್ಪತ್ರೆ ಪಕ್ಕದ ರಾಜಾಜಿನಗರದಲ್ಲೇ ಇದೆ. 1948ರ ಕಾಯಿದೆಯಿಂದ ಬಂದ ಈ ಯೋಜನೆಗೆ ನೌಕರ ತನ್ನ ಸಂಬಳದಲ್ಲಿ ಅಲ್ಪ ಪಾಲನ್ನೂ ಮಾಲೀಕರು ಅದಕ್ಕಿಂತ ಹೆಚ್ಚಿನ ಪಾಲನ್ನೂ ಕಟ್ಟುತ್ತಾರೆ. ಚಿಕಿತ್ಸೆಯ ವೆಚ್ಚಕ್ಕೆ ಮಿತಿಯಿಲ್ಲ. ಸಂಬಳಕ್ಕೆ ಮಾತ್ರ ಇದೆ. 2017ರಲ್ಲಿ ಅದನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಮಗಳ ಸಂಬಳ ಈ ಮಿತಿ ದಾಟಿದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಕೆಲವು ತಿಂಗಳ ನಂತರ, ಅವಳನ್ನೇ ನೆಚ್ಚಿದ ಅಪ್ಪ ಅಮ್ಮನಿಗಿದ್ದ ಈ ಆಸರೆ ತಪ್ಪುತ್ತದೆ.

ಆಮೇಲೆ ಉಳಿಯುವುದು ವಿಮಾ ಕಂಪನಿಯ ಪಾಲಿಸಿ. 1986ರಲ್ಲಿ ಸರ್ಕಾರಿ ಕಂಪನಿಗಳು ತಂದ ಮೆಡಿಕ್ಲೈಮ್‌ನಿಂದ ಹಿಡಿದು ಇಂಥ ಪಾಲಿಸಿಗಳಿಗೆ ಗರಿಷ್ಠ ಮೊತ್ತವೊಂದಿರುತ್ತದೆ. 3 ಲಕ್ಷದ ಪಾಲಿಸಿ ಎನ್ನೋಣ. ಅದರ ಮೇಲಿನ ಖರ್ಚಿಗೆಂದೇ ಇರುವ ಪೂರಕ ವಿಮೆಗೆ ಟಾಪ್ ಅಪ್ ಎಂದು ಹೆಸರು. ಇದಕ್ಕೊಂದು ಹೊಸ್ತಿಲುಂಟು, ಕಂಪನಿಯವರ ಮಾತಿನಲ್ಲಿ ಡಿಡಕ್ಟಿಬಲ್. ಖರ್ಚು ಹೊಸ್ತಿಲು ದಾಟಿದ ಮೇಲಷ್ಟೇ ಕಂಪನಿ ಹಣ ಕೊಡುತ್ತದೆ. ಕಂತು ಅಗ್ಗವಾಗಿರುವುದು ಅದಕ್ಕೇ.

ಈಗ ಪೆನ್ಸಿಲು ಹಿಡಿಯಿರಿ. ಹೊಸ್ತಿಲೂ 3 ಲಕ್ಷವೇ ಇರಲಿ. ಅಪ್ಪ ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿದರು. ಪ್ರತಿ ಸಲವೂ ಬಿಲ್ಲು 2 ಲಕ್ಷ. ಮೂಲ ಪಾಲಿಸಿ ಮೊದಲು 2 ಲಕ್ಷ, ಎರಡನೆಯ ಸಲ 1 ಲಕ್ಷ ಕೊಟ್ಟು ಬರಿದಾಯಿತು. ಉಳಿದ 1 ಲಕ್ಷ? ಸಾಮಾನ್ಯ ಟಾಪ್ ಅಪ್ ಒಂದು ರೂಪಾಯಿಯನ್ನೂ ಕೊಡದು. ಅದು ಪ್ರತಿ ಬಿಲ್ಲನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಯಾವ ಬಿಲ್ಲೂ 3 ಲಕ್ಷ ದಾಟಲಿಲ್ಲವಲ್ಲ! ಸೂಪರ್ ಟಾಪ್ ಅಪ್ ಆದರೆ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ 4 ಲಕ್ಷ ಎಂದು ಲೆಕ್ಕ ಹಾಕಿ, ಮಿಕ್ಕ 1 ಲಕ್ಷವನ್ನು ಕೊಡುತ್ತದೆ. ಹೆಸರಿನಲ್ಲಿ ಒಂದು 'ಸೂಪರ್' ಹೆಚ್ಚು, ಅಷ್ಟೇ. ಜಾಹೀರಾತಿನ ಅಬ್ಬರದ ಮಾತಿಗೆ ನಿಜವಾಗಿಯೂ ಅರ್ಥವಿರುವ ಅಪರೂಪದ ಸಂದರ್ಭ ಇದು.

ಇನ್ನೊಂದು ವಿಷಯ. ಅಪ್ಪನಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. ಮುಚ್ಚಿಟ್ಟರೆ ಮುಂದೆ ಹಣ ಸಿಗದೆ ಹೋಗಬಹುದು. ಬರೆದರೂ, ಅದರ ಚಿಕಿತ್ಸೆಗೆ ಹಣ ದೊರೆಯಲು 3 ವರ್ಷದವರೆಗೆ ಕಾಯಬೇಕಾಗಬಹುದು. ಆದ್ದರಿಂದ ಸಂಬಳ 21,000ದ ಹತ್ತಿರ ಬರುತ್ತಿರುವಾಗಲೇ, ಇ.ಎಸ್.ಐ. ಇನ್ನೂ ಕೈಯಲ್ಲಿರುವಾಗಲೇ, ಮನೆಯಲ್ಲಿ ಈ ಮಾತು ತೆಗೆಯುವುದು ಲೇಸೆಂದು ನನ್ನ ಅಭಿಪ್ರಾಯ.