ಕೇಸು ಬೀಳುವ ಮೊದಲೇ ಕಾನೂನು ತಿಳಿಯಿರಿ

(ಮಡಿಕೇರಿಯ ಮುದ್ರಣಾಲಯದ ಮಾಲೀಕರೊಬ್ಬರು ಯುವಕರ ಸಭೆಯಲ್ಲಿ ಆಡಿದ ಮಾತುಗಳು)



ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಹೋರಾಟಕ್ಕೆ ಹೊರಡುವ ಹುಡುಗರು ಕರಪತ್ರಕ್ಕಾಗಿ ಮೊದಲು ಬರುವುದು ನನ್ನಂಥವರ ಬಳಿಗೆ. ಘೋಷಣೆಗಳೆಲ್ಲ ಅವರಿಗೆ ಬಾಯಿಪಾಠ. ಕಾನೂನಿನ ಒಂದು ಕಲಮೂ ಗೊತ್ತಿಲ್ಲ. ಆದ್ದರಿಂದ ಇವತ್ತು ಕಲಮುಗಳ ಮಾತಾಡೋಣ.

ನನ್ನ ಕಸುಬಿನಿಂದಲೇ ಶುರುಮಾಡುತ್ತೇನೆ. ಚುನಾವಣೆಯ ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಗರದ ಗೋಡೆಗೆ ಅನುಮತಿಯಿಲ್ಲದೆ ಪೋಸ್ಟರ್ ಅಂಟಿಸಿದರೆ ನಮ್ಮ ರಾಜ್ಯದ್ದೇ 1981ರ ಕಾಯ್ದೆ ಇದೆ. ಅಲ್ಲೂ ಆರು ತಿಂಗಳವರೆಗೆ ಜೈಲಿದೆ.

ಇನ್ನು ಬೀದಿಗೆ ಬನ್ನಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಐದು ಅಥವಾ ಹೆಚ್ಚು ಜನ ಕಾನೂನುಬಾಹಿರ ಉದ್ದೇಶಕ್ಕೆ ಗುಂಪುಗೂಡಿದರೆ 189ನೇ ಕಲಮು: ಆರು ತಿಂಗಳವರೆಗೆ. ಗುಂಪು ಬಲಪ್ರಯೋಗಕ್ಕೆ ಇಳಿದರೆ ಗಲಭೆ, 191ನೇ ಕಲಮು: ಎರಡು ವರ್ಷದವರೆಗೆ. ಕರ್ತವ್ಯದಲ್ಲಿರುವ ಪೊಲೀಸರ ಮೈಮುಟ್ಟಿ ತಡೆದರೆ 132: ಎರಡು ವರ್ಷದವರೆಗೆ, ಠಾಣೆಯಲ್ಲಿ ಜಾಮೀನು ಸಿಗುವುದಿಲ್ಲ. ಸರ್ಕಾರಿ ಬಸ್ಸಿಗೆ ಕಲ್ಲು ಹೊಡೆದು ಹಾನಿ ಮಾಡಿದರೆ 1984ರ ಸಾರ್ವಜನಿಕ ಆಸ್ತಿ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ.

ಎಲ್ಲಕ್ಕಿಂತ ಅಪಾಯದ್ದು 190ನೇ ಕಲಮು. ಗುಂಪಿನ ಉದ್ದೇಶಕ್ಕಾಗಿ ಒಬ್ಬ ಕಲ್ಲೆಸೆದರೂ ಗುಂಪಿನ ಸದಸ್ಯರೆಲ್ಲ ಹೊಣೆ. ಬರೀ ನೋಡುತ್ತ ನಿಂತವನು ಅಪರಾಧಿಯಲ್ಲ, ನಿಜ. ಆದರೆ ಅದನ್ನು ಕೋರ್ಟಿನಲ್ಲಿ ತೋರಿಸುವಷ್ಟರಲ್ಲಿ ನಿಮ್ಮ ಯೌವನ ಕಳೆದಿರುತ್ತದೆ. ಕೆಲಸಕ್ಕೆ, ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಷನ್ ಬಂದಾಗ ಆ ಕೇಸು ಎದ್ದು ನಿಲ್ಲುತ್ತದೆ.

2023ರ ಡಿಸೆಂಬರ್ 27ರ ಬೆಂಗಳೂರಿನ ನಾಮಫಲಕ ಹೋರಾಟ ನೆನಪಿದೆಯಲ್ಲ? ಬೇಡಿಕೆ ನ್ಯಾಯವಾದದ್ದೇ. ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬುದು 2024ರಲ್ಲಿ ಕಾನೂನೂ ಆಯಿತು. ಆದರೂ ಫಲಕಗಳು ಪುಡಿಯಾದ ದಿನ ಕಾರ್ಯಕರ್ತರು ಜೈಲು ಸೇರಿದರು. ಬೇಡಿಕೆ ಗೆದ್ದಿತೆಂದು ಕೇಸು ತಾನಾಗಿ ಬಿದ್ದುಹೋಗುವುದಿಲ್ಲ.

ನಮ್ಮ ಕೊಡಗನ್ನೇ ನೋಡಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ, 2029ರ ಅಕ್ಟೋಬರ್‌ವರೆಗೆ. ಆದರೆ ಸಂಭ್ರಮದಲ್ಲಿ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ಲಕ್ಷದವರೆಗೆ ದಂಡ, ಅಥವಾ ಎರಡೂ. ಇಟ್ಟುಕೊಳ್ಳುವ ಹಕ್ಕು ಬೇರೆ, ಮನಬಂದಂತೆ ಹಾರಿಸುವುದು ಬೇರೆ.

ಇಷ್ಟು ಹೇಳಿದ್ದು ನಿಮ್ಮನ್ನು ಹೆದರಿಸಿ ಮನೆಯಲ್ಲಿ ಕೂರಿಸಲು ಅಲ್ಲ. ಬಂಧಿಸಿದರೆ ಕೇಳಬೇಕಾದ್ದನ್ನು ಧೈರ್ಯವಾಗಿ ಕೇಳಿ. ಮನೆಯವರಿಗೆ ಸುದ್ದಿ ಮುಟ್ಟಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ, ಬರಹದಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ನಿಮಗೆ ತಿಳಿಯುವ ಭಾಷೆ ಕನ್ನಡ. ಕನ್ನಡದಲ್ಲೇ ಕೇಳಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹೋರಾಟಕ್ಕೆ ಬೇಕಿರುವುದು ನಾಳೆಯೂ ಬೀದಿಗೆ ಬರಬಲ್ಲ ಹುಡುಗರು, ಕೋರ್ಟಿನ ವಾಯಿದೆಗೆ ಅಲೆಯುವವರಲ್ಲ. ಕರಪತ್ರ ಹಿಡಿದು ಬನ್ನಿ, ಕಲ್ಲು ಬಿಟ್ಟು ಬನ್ನಿ.