ಕೀನ್ಯಾದ ಬ್ರಿಟಿಷ್ ಪ್ರಭುಗಳು ಮತ್ತು ‘ಖಾಲಿ’ ನೆಲ



1985ರಲ್ಲಿ ತೆರೆಕಂಡ ‘ಔಟ್ ಆಫ್ ಆಫ್ರಿಕಾ’ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹಸಿರು ಬೆಟ್ಟಗಳು, ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ಅದರ ನಡುವೆ ಕೆಲವು ಬಿಳಿಯರ ಬಂಗಲೆಗಳು. ನೋಡಲು ಬಹಳ ಚೆನ್ನಾಗಿದೆ. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇಂತಹ ದೃಶ್ಯ ಕಂಡಾಗ ಒಂದು ಅನುಮಾನವೂ ಏಳುತ್ತದೆ. ಚೌಕಟ್ಟಿನೊಳಗೆ ಏನು ಬರಬೇಕೆಂದು ತೀರ್ಮಾನಿಸುವವರೇ ಏನು ಹೊರಗುಳಿಯಬೇಕೆಂಬುದನ್ನೂ ತೀರ್ಮಾನಿಸುತ್ತಾರೆ. ಆ ಬಯಲು ಅಷ್ಟು ಖಾಲಿಯಾಗಿ ಕಾಣುವುದೇಕೆ? ಅಲ್ಲಿ ಮೊದಲು ಯಾರಿದ್ದರು? ಇಂದು ಈ ಪ್ರಶ್ನೆಯನ್ನು ಹಿಡಿದುಕೊಂಡು ಪೂರ್ವ ಆಫ್ರಿಕಾದ ಕೀನ್ಯಾಕ್ಕೆ ಹೋಗಿ ಬರೋಣ.

ಮೊದಲು ಇಂಗ್ಲೆಂಡಿನ ಪ್ರಭು ಮನೆತನಗಳ ಸಂಗತಿ. ಅಲ್ಲಿ ಪದವಿ ಮತ್ತು ಜಮೀನು ಹಿರಿಯ ಮಗನಿಗೇ ಸೇರುವುದು ರೂಢಿ. ಕಿರಿಯ ಮಕ್ಕಳು ಸೈನ್ಯಕ್ಕೋ, ಚರ್ಚಿಗೋ, ವಸಾಹತುಗಳಿಗೋ ಹೋಗಬೇಕು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಇಂಗ್ಲೆಂಡಿಗೆ ಬರತೊಡಗಿ ಜಮೀನಿನ ಗೇಣಿ ಕುಸಿಯಿತು. 1894ರಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆಯೂ ಬಿಗಿಯಾಯಿತು. ತಾಯ್ನಾಡಿನಲ್ಲಿ ಕರಗುತ್ತಿದ್ದ ಜಮೀನ್ದಾರಿಯನ್ನು ಬೇರೆಡೆ ಹೊಸದಾಗಿ ಕಟ್ಟಬಹುದೆಂಬ ಆಸೆ ಹಲವರಲ್ಲಿ ಹುಟ್ಟಿತು.

ಅದೇ ಸಮಯಕ್ಕೆ ಬ್ರಿಟಿಷ್ ಸರ್ಕಾರ ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಮಾರ್ಗ ಹಾಕಿತು. 1896ರಲ್ಲಿ ಆರಂಭವಾದ ಕೆಲಸ 1901ರಲ್ಲಿ ಸರೋವರವನ್ನು ಮುಟ್ಟಿತು. ಇದನ್ನು ಕಟ್ಟಿದವರು ನಮ್ಮ ದೇಶದಿಂದ, ಮುಖ್ಯವಾಗಿ ಪಂಜಾಬಿನಿಂದ, ಕರೆದೊಯ್ದ ಸುಮಾರು 32,000 ಕೂಲಿಗಳು. ಅವರಲ್ಲಿ ಸುಮಾರು 2,500 ಮಂದಿ ಅಲ್ಲೇ ಪ್ರಾಣ ಬಿಟ್ಟರು. ಇಷ್ಟು ಖರ್ಚು ಮಾಡಿದ ಮೇಲೆ ರೈಲಿಗೆ ಸಾಗಿಸಲು ಸರಕು ಬೇಡವೆ? ಸರಕು ಬೆಳೆಯಲು ಬಿಳಿಯ ರೈತರು ಬರಲೆಂದು ಸರ್ಕಾರ ಕರೆಕೊಟ್ಟಿತು. 1902ರ ಭೂ ಕಾನೂನು 99 ವರ್ಷದ ಗುತ್ತಿಗೆಗೆ ದಾರಿ ಮಾಡಿತು. 1915ರ ಕಾನೂನು ಅದನ್ನು 999 ವರ್ಷಕ್ಕೆ ಏರಿಸಿತು. ಸಾವಿರಕ್ಕೆ ಒಂದೇ ಕಡಿಮೆ! ಈ ಅಂಕಿಯನ್ನು ನೆನಪಿನಲ್ಲಿಡಿ.

ಹೀಗೆ ಬಂದವರಲ್ಲಿ ಮುಖ್ಯನಾದವನು ಮೂರನೆಯ ಲಾರ್ಡ್ ಡೆಲಮೀರ್. ಹುಟ್ಟಿದ್ದು 1870ರಲ್ಲಿ, ಚೆಷೈರ್ ಪ್ರಾಂತ್ಯದಲ್ಲಿ ವೇಲ್ ರಾಯಲ್ ಎಂಬ ದೊಡ್ಡ ಎಸ್ಟೇಟು ಅವನದಾಗಿತ್ತು. ಬೇಟೆಗೆಂದು ಸೊಮಾಲಿಯಾದ ಕಡೆಯಿಂದ ಇಳಿದು 1897ರಲ್ಲಿ ಈ ಎತ್ತರದ ನಾಡನ್ನು ಕಂಡು ಮರುಳಾದ. 1903ರಲ್ಲಿ ನ್ಜೋರೋ ಎಂಬಲ್ಲಿ ಒಂದು ಲಕ್ಷ ಎಕರೆ ಗುತ್ತಿಗೆ ಪಡೆದ. ಅಂದರೆ ಸುಮಾರು 400 ಚದರ ಕಿಲೋಮೀಟರ್. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಹೆಚ್ಚುಕಡಿಮೆ ಅರ್ಧದಷ್ಟು ನೆಲ ಒಬ್ಬ ಮನುಷ್ಯನ ಕೈಗೆ ಬಂತು.

ಆ ಸೀಮೆಯಲ್ಲಿ ಜನವಸತಿ ತೆಳುವಾಗಿತ್ತು, ನಿಜ. ಅದಕ್ಕೊಂದು ಕಾರಣವಿತ್ತು. 1890ರ ದಶಕದಲ್ಲಿ ರಿಂಡರ್‌ಪೆಸ್ಟ್ ಪಿಡುಗು ಪೂರ್ವ ಆಫ್ರಿಕಾದ ದನಕರುಗಳನ್ನು ಬಡಿದು ಹಾಕಿತ್ತು. ನಮ್ಮ ಹಳ್ಳಿಗಳಲ್ಲಿ ದೊಡ್ಡರೋಗ ಎನ್ನುತ್ತಿದ್ದುದು ಇದನ್ನೇ. ದನಗಳನ್ನೇ ನಂಬಿ ಬದುಕುತ್ತಿದ್ದ ಮಾಸಾಯಿ ಜನರಿಗೆ ಅದರ ಬೆನ್ನಿಗೇ ಬರ, ಸಿಡುಬು ಬಂದೆರಗಿದವು. ಉಳಿದವರು ಚದುರಿಹೋದರು. ಹೊಸದಾಗಿ ಬಂದವರು ನೋಡಿದ್ದು ಕಾಯಿಲೆಯಿಂದ ಈಗಷ್ಟೇ ಎದ್ದ ಮನೆಯನ್ನು. ಅವರು ಅದನ್ನು ಯಾರೂ ಇಲ್ಲದ ಮನೆ ಎಂದು ಬರೆದುಕೊಂಡರು.

ಇಲ್ಲಿ ವಿಜ್ಞಾನದ ಒಂದು ಸಂಗತಿ ಹೇಳಬೇಕು. ಡೆಲಮೀರ್ ಬಹಳ ಹಣ ಸುರಿದು ನ್ಯೂಜಿಲೆಂಡಿನಿಂದ ಮೆರಿನೋ ಕುರಿಗಳನ್ನು ತರಿಸಿದ. ಮೊಣಕಾಲುದ್ದ ಹುಲ್ಲಿದ್ದರೂ ಕುರಿಗಳು ಬಡಕಲಾಗಿ ಸಾಲುಸಾಲಾಗಿ ಸತ್ತವು. ಆ ಮೇವು ಜಾನುವಾರಿಗೆ ಒಗ್ಗದೆಂಬುದು ಮಾಸಾಯಿ ದನಗಾಹಿಗಳಿಗೆ ಮೊದಲೇ ಗೊತ್ತಿತ್ತು. ಅವರು ಅಲ್ಲಿ ನೆಲೆ ನಿಲ್ಲದಿದ್ದುದಕ್ಕೆ ಅದೂ ಕಾರಣ. ಆ ಸುತ್ತಿನ ಮಣ್ಣಿನಲ್ಲಿ ಖನಿಜಾಂಶಗಳ, ಅದರಲ್ಲೂ ಕೋಬಾಲ್ಟಿನ ಕೊರತೆ ಇರುವುದನ್ನು ವಿಜ್ಞಾನಿಗಳು ಮುಂದೆ ಪತ್ತೆಹಚ್ಚಿದರು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ12 ಜೀವಸತ್ವವನ್ನು ತಯಾರಿಸಲು ಕೋಬಾಲ್ಟ್ ಬೇಕು. ಅದಿಲ್ಲದಿದ್ದರೆ ಹೊಟ್ಟೆತುಂಬ ತಿಂದರೂ ಪ್ರಾಣಿ ಸೊರಗುತ್ತದೆ. ಪ್ರಯೋಗಾಲಯ ಇಲ್ಲದ ದನಗಾಹಿಗಳು ತಲೆಮಾರುಗಳ ಅನುಭವದಿಂದ ತಿಳಿದಿದ್ದುದನ್ನು ಪ್ರಭು ಕೇಳಿ ತಿಳಿಯಲಿಲ್ಲ; ಕುರಿಗಳನ್ನು ಕಳೆದುಕೊಂಡು ತಿಳಿದ.

ಕುರಿ ಕೈಕೊಟ್ಟ ಮೇಲೆ ಗೋಧಿ ಬಿತ್ತಿದ. ತುಕ್ಕು ರೋಗ ಬೆಳೆಯನ್ನು ತಿಂದುಹಾಕಿತು. ಚೆಷೈರಿನ ಎಸ್ಟೇಟಿನ ಮೇಲೆ ಸಾಲ ತಂದು, ರೋಗ ತಾಳಿಕೊಳ್ಳುವ ತಳಿಗಳಿಗಾಗಿ ನ್ಜೋರೋದಲ್ಲಿ ಪ್ರಯೋಗ ನಡೆಸಿದ. ಅವನ ಛಲವನ್ನು ಮೆಚ್ಚಬೇಕು. ಆದರೆ ಆ ಛಲಕ್ಕೆ ಬೇಕಾದ ನೆಲ ಮತ್ತು ಆಳು ಎಲ್ಲಿಂದ ಬಂದವು ಎಂಬುದನ್ನೂ ನೋಡಬೇಕು.

1904ರಲ್ಲಿ ಸರ್ಕಾರ ಮಾಸಾಯಿಗಳೊಡನೆ ಒಪ್ಪಂದ ಮಾಡಿಕೊಂಡು, ಅವರನ್ನು ರಿಫ್ಟ್ ಕಣಿವೆಯಿಂದ ಎಬ್ಬಿಸಿ, ಒಂದು ಭಾಗವನ್ನು ಉತ್ತರದ ಲೈಕಿಪಿಯಾಕ್ಕೂ ಇನ್ನೊಂದು ಭಾಗವನ್ನು ದಕ್ಷಿಣಕ್ಕೂ ಕಳಿಸಿತು. ಮಾಸಾಯಿ ಕುಲ ಇರುವವರೆಗೂ ಆ ನೆಲ ಅವರದೇ ಎಂಬ ಮಾತು ಆ ಒಪ್ಪಂದದಲ್ಲಿತ್ತು. ಏಳೇ ವರ್ಷದಲ್ಲಿ, 1911ರಲ್ಲಿ, ಮತ್ತೊಂದು ಒಪ್ಪಂದ ಬರೆಸಿ ಲೈಕಿಪಿಯಾದಿಂದಲೂ ಎಬ್ಬಿಸಿದರು. ಮಾಸಾಯಿಗಳು ನ್ಯಾಯಾಲಯಕ್ಕೆ ಹೋದರು. 1913ರಲ್ಲಿ ಬಂದ ತೀರ್ಪನ್ನು ಕೇಳಿ: ಇದು ಎರಡು ರಾಜ್ಯಗಳ ನಡುವಿನ ಒಪ್ಪಂದ, ಆದ್ದರಿಂದ ಈ ನ್ಯಾಯಾಲಯ ವಿಚಾರಿಸುವಂತಿಲ್ಲ! ನೆಲ ಕಿತ್ತುಕೊಳ್ಳುವಾಗ ಅವರು ಪ್ರಜೆಗಳು, ನ್ಯಾಯ ಕೇಳುವಾಗ ಪರರಾಜ್ಯದವರು.

ಇನ್ನು ಆಳುಗಳು. ಆಫ್ರಿಕದವರ ಗುಡಿಸಲುಗಳ ಮೇಲೆ ತೆರಿಗೆ ಹಾಕಲಾಯಿತು. ಅದನ್ನು ಕಟ್ಟಲು ಹಣ ಬೇಕು, ಹಣಕ್ಕೆ ಬಿಳಿಯರ ತೋಟದಲ್ಲಿ ದುಡಿಯಬೇಕು. 1918ರ ಕಾನೂನಿನ ಪ್ರಕಾರ ಬಿಳಿಯರ ಜಮೀನಿನಲ್ಲಿ ವಾಸವಿದ್ದ ಕುಟುಂಬದವರು ವರ್ಷಕ್ಕೆ 180 ದಿನ ಆ ಧಣಿಗೆ ದುಡಿಯಬೇಕಾಗಿತ್ತು. ಸ್ವಲ್ಪ ಕಾಲದಲ್ಲೇ ಆಫ್ರಿಕದ ಗಂಡಸರು ‘ಕಿಪಾಂಡೆ’ ಎಂಬ ಗುರುತುಪತ್ರವನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳಬೇಕಾಯಿತು. ನ್ಯಾಯವೂ ಚರ್ಮದ ಬಣ್ಣ ನೋಡುತ್ತಿತ್ತು. ಡೆಲಮೀರನ ಭಾವಮೈದುನ, ಅರ್ಲ್ ಒಬ್ಬನ ಮಗ ಗಾಲ್ಬ್ರೇತ್ ಕೋಲ್, ಕುರಿ ಕದ್ದನೆಂಬ ಶಂಕೆಯ ಮೇಲೆ ಒಬ್ಬ ಆಫ್ರಿಕನನ್ನು ಗುಂಡಿಟ್ಟು ಕೊಂದ. ಬಿಳಿಯರ ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಕೊನೆಗೆ ಸರ್ಕಾರವೇ ನಾಚಿಕೊಂಡು 1911ರಲ್ಲಿ ಅವನನ್ನು ಗಡಿಪಾರು ಮಾಡಬೇಕಾಯಿತು.

ರೈಲು ಕಟ್ಟಿದ ಭಾರತೀಯರಿಗೂ ಆ ಎತ್ತರದ ನಾಡಿನಲ್ಲಿ ಜಮೀನು ಸಿಗಲಿಲ್ಲ. ಸಮಾನ ಹಕ್ಕು ಬೇಡಿದ ಅವರ ವಿರುದ್ಧ ಡೆಲಮೀರ್ ಮುಂದಾಳಾಗಿ ನಿಂತ. 1923ರ ಡೆವನ್‌ಶೈರ್ ಶ್ವೇತಪತ್ರ ಕೀನ್ಯಾದಲ್ಲಿ ಆಫ್ರಿಕದವರ ಹಿತವೇ ಮುಖ್ಯವೆಂದು ಸಾರಿತು. ಜಮೀನನ್ನು ಮಾತ್ರ ಬಿಳಿಯರಿಗೇ ಉಳಿಸಿತು.

ಪತ್ರಿಕೆಗಳು ಬಾಯಿ ಚಪ್ಪರಿಸಿದ್ದು ಬೇರೆಯದೇ ಕಥೆಗೆ. 1920ರ ದಶಕದಲ್ಲಿ ವಾಂಜೋಹಿ ಕಣಿವೆಯಲ್ಲಿ ನೆಲಸಿದ ಕೆಲವು ಶ್ರೀಮಂತರ ಕುಡಿತ, ಕುಣಿತ, ಮದುವೆ ಮುರಿತಗಳಿಂದಾಗಿ ಅದಕ್ಕೆ ‘ಹ್ಯಾಪಿ ವ್ಯಾಲಿ’ ಎಂಬ ಹೆಸರು ಬಂತು. ಆ ಗುಂಪಿನ ಅರ್ಲ್ ಆಫ್ ಎರಲ್ 1941ರ ಜನವರಿ 24ರಂದು ನೈರೋಬಿಯ ಹೊರವಲಯದಲ್ಲಿ ಕಾರಿನೊಳಗೆ ಗುಂಡೇಟಿನಿಂದ ಸತ್ತುಬಿದ್ದಿದ್ದ. ಆರೋಪಿಯಾಗಿದ್ದ ಸರ್ ಜಾಕ್ ಡೆಲ್ವ್ಸ್ ಬ್ರೌಟನ್ ಖುಲಾಸೆಯಾದ. ಈ ಕೊಲೆಯ ಬಗ್ಗೆ ಪುಸ್ತಕಗಳು ಬಂದವು, 1987ರಲ್ಲಿ ಚಲನಚಿತ್ರವೂ ಬಂತು. ಒಬ್ಬ ಪ್ರಭುವಿನ ಸಾವಿಗೆ ಇಷ್ಟು ಪುಟಗಳು! ಲೈಕಿಪಿಯಾ ಬಿಟ್ಟು ದನಗಳೊಡನೆ ನಡೆದು ಹೊರಟ ಸಾವಿರಾರು ಮಾಸಾಯಿಗಳ ಬಗ್ಗೆ ಎಷ್ಟು ಚಲನಚಿತ್ರಗಳನ್ನು ನೀವು ನೋಡಿದ್ದೀರಿ?

ನೆಲ ಕಳೆದುಕೊಂಡವರ ಸಿಟ್ಟು, ವಿಶೇಷವಾಗಿ ಕಿಕುಯು ಜನರಲ್ಲಿ, ಮೌ ಮೌ ಹೋರಾಟವಾಗಿ ಹೊತ್ತಿಕೊಂಡಿತು. 1952ರಲ್ಲಿ ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿತು. ಹೋರಾಟಗಾರರ ಕೈಯಲ್ಲಿ ಸತ್ತ ಬಿಳಿಯ ವಲಸೆಗಾರರು 32 ಮಂದಿ. ಸರ್ಕಾರ ಗಲ್ಲಿಗೇರಿಸಿದ ಆಫ್ರಿಕದವರು ಸಾವಿರಕ್ಕೂ ಹೆಚ್ಚು. ಅಂದಿನ ಬಂಧನ ಶಿಬಿರಗಳಲ್ಲಿ ನಡೆದ ಚಿತ್ರಹಿಂಸೆಗೆ 2013ರಲ್ಲಿ ಬ್ರಿಟಿಷ್ ಸರ್ಕಾರ ವಿಷಾದ ವ್ಯಕ್ತಪಡಿಸಿ, 5,228 ಮಂದಿಗೆ ಒಟ್ಟು 199 ಲಕ್ಷ ಪೌಂಡ್ ಕೊಡಲು ಒಪ್ಪಿತು.

1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ನೈರೋಬಿಯಲ್ಲಿದ್ದ ಡೆಲಮೀರನ ಪ್ರತಿಮೆಯನ್ನು ತೆಗೆದರು. ಡೆಲಮೀರ್ ಅವೆನ್ಯೂ ಕೆನ್ಯಾಟಾ ಅವೆನ್ಯೂ ಆಯಿತು. 999 ವರ್ಷದ ಗುತ್ತಿಗೆ ಏನಾಯಿತು ಎನ್ನುವಿರಾ? ಕಾನೂನು ಬರೆದ ಸಾಮ್ರಾಜ್ಯ ಅಲ್ಲಿ ಉಳಿದದ್ದು ಇನ್ನು 48 ವರ್ಷ ಮಾತ್ರ. 2010ರ ಸಂವಿಧಾನವು ಕೀನ್ಯಾದ ಪ್ರಜೆಗಳಲ್ಲದವರ ಗುತ್ತಿಗೆಯನ್ನು 99 ವರ್ಷಕ್ಕೆ ಇಳಿಸಿತು. ಆದರೂ ಗಾಯ ಪೂರ್ತಿ ಮಾಯ್ದಿಲ್ಲ. ಕೆಲವು ಎಸ್ಟೇಟುಗಳು ಹಳೆಯ ಮನೆತನಗಳಲ್ಲೇ ಉಳಿದವು, ಕೆಲವು ಹೊಸ ಸಿರಿವಂತರ ಪಾಲಾದವು.

ಒಳ್ಳೆಯದೂ ಒಂದು ಉಳಿದಿದೆ. ನ್ಜೋರೋದ ಗೋಧಿ ಸಂಶೋಧನಾ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ. 1999ರಲ್ಲಿ ಉಗಾಂಡಾದಿಂದ ವರದಿಯಾದ ‘ಯುಜಿ99’ ಎಂಬ ಅಪಾಯಕಾರಿ ತುಕ್ಕು ರೋಗ ಹಬ್ಬತೊಡಗಿದಾಗ, ಅನೇಕ ದೇಶಗಳ ಗೋಧಿ ತಳಿಗಳನ್ನು, ಭಾರತದ ತಳಿಗಳನ್ನೂ ಸೇರಿಸಿ, ಪರೀಕ್ಷಿಸಿದ್ದು ಅಲ್ಲಿಯೇ. ಒಂದು ಕಾಲಕ್ಕೆ ಒಬ್ಬ ಪ್ರಭುವಿನ ಬೆಳೆಯನ್ನು ಉಳಿಸಲು ಶುರುವಾದ ಕೆಲಸ ಈಗ ಎಲ್ಲರ ರೊಟ್ಟಿಗಾಗಿ ನಡೆದಿದೆ.

ವಿದ್ಯಾರ್ಥಿಗಳೇ, ಇನ್ನು ಮುಂದೆ ಚಿತ್ರದಲ್ಲಾಗಲಿ ಪುಸ್ತಕದಲ್ಲಾಗಲಿ ‘ಖಾಲಿ ನೆಲ’ ಎಂಬ ಮಾತು ಸಿಕ್ಕಾಗ ಸ್ವಲ್ಪ ನಿಲ್ಲಿ. ಆ ಮಾತನ್ನು ಹೇಳುತ್ತಿರುವವರು ಯಾರು, ಅಲ್ಲಿಯ ಹುಲ್ಲಿನ ಗುಣ ಬಲ್ಲವರು ಎಲ್ಲಿ ಹೋದರು ಎಂದು ಕೇಳಿ. ಇತಿಹಾಸ ಓದುವವರಿಗೂ ವಿಜ್ಞಾನ ಓದುವವರಿಗೂ ಈ ಪ್ರಶ್ನೆ ಬೇಕು.