ಸದ್ದು ಮಾಡದ ಕ್ಯಾಬಿನೆಟ್, ಕಾಯದ ಡಿಸ್ಕ್

ಮನೆಯ ಸಂಗ್ರಹ ಸರ್ವರ್ ಎಂದರೆ ನಾಲ್ಕಾರು ಹಾರ್ಡ್ ಡಿಸ್ಕ್‌ಗಳನ್ನು ಒಂದೇ ಕಂಪ್ಯೂಟರಿಗೆ ಜೋಡಿಸಿ, ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳೆಲ್ಲ ಅದರೊಳಗಿನ ಕಡತಗಳನ್ನು ಬಳಸುವಂತೆ ಹಗಲುರಾತ್ರಿ ಚಾಲೂ ಇಡುವ ಯಂತ್ರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಮದುವೆಯ ವಿಡಿಯೊಗಳನ್ನು ವರ್ಷಗಟ್ಟಲೆ ಕಾಪಿಡಬೇಕಾದ ಸ್ಟುಡಿಯೊದವರಿಗೂ, ಹೊಲದ ಉತಾರ, ಫೋಟೊಗಳನ್ನು ಒಂದೆಡೆ ಇಡಬಯಸುವ ಮನೆಗಳಿಗೂ ಇದು ಒಪ್ಪುವ ಸಾಧನವಾದರೂ, ತಂಪು ದೇಶಗಳ ಕೋಣೆಗಳಲ್ಲಿ ಪರೀಕ್ಷಿಸಿ ಬರೆದ ವಿಮರ್ಶೆಗಳನ್ನು ನೆಚ್ಚಿ ಅದರ ಪೆಟ್ಟಿಗೆಯನ್ನು, ಅಂದರೆ ಕ್ಯಾಬಿನೆಟ್ಟನ್ನು, ಕೊಂಡವರು ಬೇಸಿಗೆಯಲ್ಲಿ ಪೇಚಿಗೆ ಸಿಲುಕುತ್ತಾರೆ. ಈ ಸೀಮೆಯಲ್ಲಿ ಕ್ಯಾಬಿನೆಟ್ಟಿನ ಸದ್ದನ್ನು ಕೊನೆಗೆ ನಿರ್ಧರಿಸುವುದು ದೂಳು.

ಸದ್ದಿನ ಮೂಲಗಳು ಎರಡು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಬಾರಿ ಅದುರುತ್ತದೆ. ಆ ಅದುರು ತೆಳು ತಗಡಿಗೆ ದಾಟಿದರೆ ಇಡೀ ಪೆಟ್ಟಿಗೆಯೇ ಗುಂಯ್‌ಗುಡುವುದರಿಂದ, ಡಿಸ್ಕ್ ಕೂರಿಸುವ ಸ್ಕ್ರೂಗಳ ಬುಡದಲ್ಲಿ ರಬ್ಬರ್ ವಾಷರ್ ಇರುವ, ದಪ್ಪ ತಗಡಿನ ಕ್ಯಾಬಿನೆಟ್ ಲೇಸು. ಎರಡನೆಯದು ಫ್ಯಾನ್. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಸರಿಸುಮಾರು ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಕುಸಿಯುತ್ತದೆ. 80 ಮಿಲಿಮೀಟರಿನ ಪುಟ್ಟ ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ 140 ಮಿಲಿಮೀಟರಿನದನ್ನು ನಿಧಾನಕ್ಕೆ ತಿರುಗಿಸುವುದು ಮೇಲು ಎನ್ನುವುದು ಈ ಕಾರಣಕ್ಕೆ.

ನಾಲ್ಕು ಡಿಸ್ಕ್‌ಗಳ ಸಾಧಾರಣ ಸರ್ವರ್ ಸುಮಾರು 60 ವಾಟ್ ಶಾಖ ಹೊರಸೂಸುತ್ತದೆ ಎಂದುಕೊಂಡರೆ, ಒಳಗಿನ ಗಾಳಿ ಕೋಣೆಗಿಂತ 5 ಡಿಗ್ರಿಗಿಂತ ಹೆಚ್ಚು ಕಾಯದಿರಲು ಗಂಟೆಗೆ ಸುಮಾರು 36 ಘನಮೀಟರ್ ಗಾಳಿ ಸಾಕು, ಅಷ್ಟನ್ನು ಒಂದೆರಡು ನಿಧಾನದ ಫ್ಯಾನ್‌ಗಳೇ ಒದಗಿಸುತ್ತವೆ. ಹಾಗಾಗಿ ಕೇಳಬೇಕಾದ್ದು ಫ್ಯಾನ್ ಎಷ್ಟು ಎಂದಲ್ಲ, ಆ ಗಾಳಿ ಡಿಸ್ಕ್‌ಗಳ ನಡುವೆಯೇ ಹಾಯುತ್ತದೆಯೇ ಎಂದು. ಡಿಸ್ಕ್‌ಗಳ ಗೂಡು ಮುಂಭಾಗದ ಫ್ಯಾನಿಗೆ ನೇರವಾಗಿದ್ದು, ಒಂದೊಂದರ ನಡುವೆ ಬೆರಳು ತೂರುವಷ್ಟು ಸಂದಿ ಇರಬೇಕು. ಗಾಜಿನ ಪಕ್ಕೆಯ, ಬಣ್ಣದ ದೀಪಗಳ ಇತ್ತೀಚಿನ ಕ್ಯಾಬಿನೆಟ್‌ಗಳು ಬಹುಮಟ್ಟಿಗೆ ಎರಡೇ ಡಿಸ್ಕ್‌ಗಳಿಗೆ, ಅದೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪಕ್ಕದ ಮುಚ್ಚಿದ ಅಂಕಣದಲ್ಲಿ, ಜಾಗ ಕೊಡುತ್ತವೆ. ಸರ್ವರಿಗೆ ಅವು ನಿಷ್ಪ್ರಯೋಜಕ.

ಯಾವ ಫ್ಯಾನೂ ಡಿಸ್ಕನ್ನು ಕೋಣೆಗಿಂತ ತಂಪು ಮಾಡಲಾರದು. ಅಥಣಿ, ರಾಯಬಾಗದ ಕಡೆ ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿಯ ಆಸುಪಾಸಿಗೆ ಏರಿದಾಗ, ಪತ್ರಾಸಿನ ಮನೆಯೊಳಗೆ ಇನ್ನೂ ಹೆಚ್ಚಿರುವಾಗ, ಡಿಸ್ಕ್ 50ನ್ನು ಮುಟ್ಟುವುದು ಸಹಜ. ತಯಾರಕರು ಸಾಮಾನ್ಯವಾಗಿ 60 ಡಿಗ್ರಿಯವರೆಗೆ ಅನುಮತಿಸುತ್ತಾರೆ. ಗೂಗಲ್ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಬಿಸಿಗೂ ಕೆಡುವಿಕೆಗೂ ಇರುವ ನಂಟು ಜನ ನಂಬಿದ್ದಷ್ಟು ಗಟ್ಟಿಯಲ್ಲವೆಂದಿತು, ಆದರೆ ತೀರ ಹೆಚ್ಚಿನ ಬಿಸಿಯಲ್ಲಿ, ಅದರಲ್ಲೂ ಹಳೆಯ ಡಿಸ್ಕ್‌ಗಳಲ್ಲಿ, ಅಪಾಯ ಕಂಡಿತ್ತು. ಅಂದಮೇಲೆ ಸದ್ದು ಹೀರುವ ಹಾಸುಗಳನ್ನು ಒಳಗೆ ಅಂಟಿಸಿ ಮುಂದೆ ಗಟ್ಟಿ ಬಾಗಿಲಿಟ್ಟ ಕ್ಯಾಬಿನೆಟ್ ಇಲ್ಲಿ ಚಳಿಗಾಲಕ್ಕಷ್ಟೇ ಒಗ್ಗುತ್ತದೆ. ಸ್ವೀಡನ್ನಿನ ಫ್ರಾಕ್ಟಲ್ ಡಿಸೈನ್ ಕಂಪನಿಯ ಡಿಫೈನ್ ಆರ್5 ಅಂಥದ್ದು: ಎಂಟು ಡಿಸ್ಕ್ ಹಿಡಿಯುವ ಒಳ್ಳೆಯ ಪೆಟ್ಟಿಗೆ, ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟರೆ. ಅದೇ ಕಂಪನಿಯ ನೋಡ್ 304 ಆರು ಡಿಸ್ಕ್ ಹಿಡಿಯುವ ಚಿಕ್ಕ ಪೆಟ್ಟಿಗೆ, ಆದರೆ ಮುಂದಿನ ಫ್ಯಾನ್‌ಗಳೂ 92 ಮಿಲಿಮೀಟರಿನ ಚಿಕ್ಕವೇ.

ನಿಪ್ಪಾಣಿಯ ತಂಬಾಕಿನ ನವಿರು ಪುಡಿ, ಉಗಾರ ಖುರ್ದಿನಂಥ ಊರುಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಮಾಳಿಗೆಯ ಮೇಲೆ ಉದುರುವ ಕರಿಬೂದಿ, ಒಣಗಿದ ಎರೆಮಣ್ಣು ಇವೆಲ್ಲ ಗಾಳಿ ಒಳಬರುವಲ್ಲಿರುವ ದೂಳು ತಡೆಯುವ ಜಾಲರಿ ಕಟ್ಟಿಕೊಳ್ಳುವಂತೆ ಮಾಡುತ್ತವೆ; ಗಾಳಿ ಕಡಿಮೆಯಾಗಿ ಒಳಗು ಕಾದಾಗ ಮದರ್‌ಬೋರ್ಡ್ ತಾನಾಗಿ ಫ್ಯಾನಿನ ವೇಗ ಏರಿಸುತ್ತದೆ, ಕೊಂಡಾಗ ಮೌನವಾಗಿದ್ದ ಯಂತ್ರ ಹಂಗಾಮು ಮುಗಿಯುವಷ್ಟರಲ್ಲಿ ಬುಸುಗುಡತೊಡಗುತ್ತದೆ. ಯಂತ್ರವನ್ನು ಅಲುಗಿಸದೆ ಮುಂದಿನಿಂದಲೇ ಎಳೆದು ತೊಳೆಯಬಹುದಾದ ಜಾಲರಿ ಇಲ್ಲಿ ಉಳಿದೆಲ್ಲ ಗುಣಗಳಿಗಿಂತ ಮುಖ್ಯ, ಏಕೆಂದರೆ ತೊಳೆಯಲು ತ್ರಾಸಾದ ಜಾಲರಿಯನ್ನು ಯಾರೂ ತೊಳೆಯುವುದಿಲ್ಲ. ಒಳಕ್ಕೆ ಊದುವ ಫ್ಯಾನ್‌ಗಳ ಬಲ ಹೊರಕ್ಕೆಳೆಯುವವಕ್ಕಿಂತ ತುಸು ಹೆಚ್ಚಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿ, ದೂಳು ಸಂದುಗೊಂದಿಗಳಿಂದ ನುಸುಳದೆ ಜಾಲರಿಯಲ್ಲೇ ಸಿಕ್ಕಿಬೀಳುತ್ತದೆ. ಎಸ್‌ಎಂಪಿಎಸ್ ತಳದಿಂದ ಗಾಳಿ ಎಳೆಯುವುದಾದರೆ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮಣೆಯ ಮೇಲಿಡುವುದು ವಾಸಿ.

ಮೀರಜ್, ಕೊಲ್ಲಾಪುರ, ಬೆಳಗಾವಿಯ ಅಂಗಡಿಗಳಲ್ಲಿ ಇಷ್ಟು ಗುಣವುಳ್ಳ ಹೊಸ ಪೆಟ್ಟಿಗೆ ಸಿಗದಿದ್ದರೆ, ಮುಂಭಾಗದಲ್ಲಿ ಡಿಸ್ಕ್ ಗೂಡಿರುವ ಹಳೆಯ ಟವರ್ ಕ್ಯಾಬಿನೆಟ್ ಕೊಂಡು ಹೊಸ ಫ್ಯಾನ್ ಹಾಕಿಸುವುದು ಗಾಜಿನ ಪೆಟ್ಟಿಗೆಗಿಂತ ಜಾಣತನ. ಪ್ರತಿ ಡಿಸ್ಕೂ ತನ್ನ ಬಿಸಿಯನ್ನು ಸ್ಮಾರ್ಟ್ ಎಂಬ ವರದಿಯಲ್ಲಿ ತಾನೇ ದಾಖಲಿಸುತ್ತದೆ. ಮೇ ತಿಂಗಳ ನಡುಹಗಲಲ್ಲಿ ಆ ಅಂಕಿ 55 ದಾಟಿದರೆ, ತೊಳೆದ ಜಾಲರಿಯಿಂದಲೂ ಅದು ಇಳಿಯದಿದ್ದರೆ, ಬದಲಿಸಬೇಕಾದ್ದು ಕ್ಯಾಬಿನೆಟ್ ಅಲ್ಲ, ಅದನ್ನಿಟ್ಟ ಕೋಣೆ.